ಕನಸಿಗೆ ಬಂದವಳು ಏನಂದಳು?



ನಮ್ಮ ಅಜ್ಜಿಗೆ ಯಾರಾದರೂ ಕನಸು ಹೇಳಿದರೆ ಆಕೆ ಥಟ್ಟನೆ ಫಲ ಹೇಳುತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಿಸುತ್ತಿದ್ದಳು. ಕನಸಿನಲ್ಲಿ ಹೆಂಗಸು ಬಂದಿದ್ದಳೆಂದರೆ ಉಟ್ಟ ಸೀರೆ ಯಾವ ಬಣ್ಣದ್ದು, ತಲೆ ಬಾಚಿತ್ತೋ ಕೆದರಿತ್ತೋ, ಹೊಸ್ತಿಲು ದಾಟಿ ಒಳಗೆ ಬಂದಳೋ ಅಂಗಳದಲ್ಲೇ ನಿಂತಳೋ. ಎಲ್ಲ ಕೇಳಿ ಮುಗಿದ ಮೇಲೆ ಕೊನೆಯದು: ‘ಏನಂದ್ಲು?’ ಏನೂ ಅನ್ನಲಿಲ್ಲ ಎಂದರೆ ಅಜ್ಜಿ ಅಷ್ಟಕ್ಕೇ ಬಿಡುತ್ತಿದ್ದಳು. ‘ಮತ್ತೆ ಬರ್ತಾಳೆ. ಬಂದಾಗ ನೀನೇ ಕೇಳು.’

ನಾನು ಮನೋವೈದ್ಯಳಲ್ಲ, ಕನ್ನಡ ಪಾಠ ಹೇಳಿಕೊಂಡು ಬಂದವಳು. ಕಾರ್ಲ್ ಗುಸ್ಟಾವ್ ಯೂಂಗ್‌ನನ್ನು ಓದಲು ಶುರುಮಾಡಿದಾಗ ನನಗೆ ಮೊದಲು ನೆನಪಾದದ್ದು ಆ ಕಟ್ಟೆ. ಸ್ವಿಟ್ಜರ್ಲೆಂಡಿನ ಆ ವೈದ್ಯ ಕೂಡ ಕನಸಿನ ಹೆಣ್ಣನ್ನು ನಿಘಂಟಿನಲ್ಲಿ ಹುಡುಕಬೇಡ, ಮಾತಾಡಿಸು ಎಂದವನು. ಮುಂದೆ ಅವನೇ ಅವಳಿಗೊಂದು ಸಿದ್ಧಾಂತ ಕಟ್ಟಿದ. ಮಾತಾಡಿಸಿದ ಯೂಂಗ್‌ಗೂ ಸಿದ್ಧಾಂತ ಕಟ್ಟಿದ ಯೂಂಗ್‌ಗೂ ನಡುವೆ ಒಂದು ಬಿರುಕಿದೆ. ಈ ಸಂಜೆ ಆ ಬಿರುಕಿನ ಹತ್ತಿರವೇ ಕುಳಿತು ಮಾತಾಡಬೇಕೆಂದಿದ್ದೇನೆ.

1913. ಫ್ರಾಯ್ಡ್ ಜೊತೆಗಿನ ಸ್ನೇಹ ಮುರಿದಿತ್ತು. ಯೂಂಗ್‌ಗೆ ಆಗ ಮೂವತ್ತೆಂಟು ವರ್ಷ. ಹಗಲೂ ರಾತ್ರಿ ನುಗ್ಗಿ ಬರುತ್ತಿದ್ದ ದೃಶ್ಯಗಳಿಗೆ ಬೆದರಿ ಓಡದೆ ಅವನ್ನೆಲ್ಲ ಬರೆದಿಡತೊಡಗಿದ. ಹಾಗೆ ಬರೆಯುತ್ತಿರುವಾಗ, ನಾನು ಮಾಡುತ್ತಿರುವುದು ವಿಜ್ಞಾನವಂತೂ ಅಲ್ಲ, ಹಾಗಾದರೆ ಇದೇನು ಎಂದು ತನ್ನನ್ನೇ ಕೇಳಿಕೊಂಡ. ಒಳಗಿನಿಂದ ಒಂದು ಹೆಣ್ಣುದನಿ, ಇದು ಕಲೆ ಎಂದಿತು. ಅವನಿಗೆ ಸಿಟ್ಟು ಬಂತು, ವಾದಕ್ಕಿಳಿದ. ನಂತರ ಒಂದು ವಿಚಿತ್ರವಾದ, ನನ್ನ ಮಟ್ಟಿಗೆ ದೊಡ್ಡದಾದ ಕೆಲಸ ಮಾಡಿದ. ನನ್ನೊಳಗಿನ ಈ ಹೆಂಗಸಿಗೆ ಮಾತಿನ ಸೌಕರ್ಯ ಇಲ್ಲವೇನೋ, ನನ್ನದನ್ನೇ ಬಳಸಲಿ ಎಂದು ತನ್ನ ನಾಲಿಗೆಯನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ಉದ್ದಕ್ಕೆ ಮಾತಾಡಿದಳು. ಇದೆಲ್ಲ ಅನಿಯೆಲಾ ಯಾಫೆ ಬರೆದುಕೊಂಡ ಅವನ ನೆನಪುಗಳಲ್ಲಿದೆ. ಪುಸ್ತಕ 1962ರಲ್ಲಿ, ಅವನು ತೀರಿಕೊಂಡ ಮರುವರ್ಷ, ಹೊರಬಂತು.

ಅವಳ ಮಾತನ್ನು ಅವನು ಕೊನೆತನಕ ಒಪ್ಪಲಿಲ್ಲ. ಕಲೆ ಎಂದು ಒಪ್ಪಿಕೊಂಡರೆ ಸಿನಿಮಾ ನೋಡಿದ ಹಾಗೆ ನೋಡಿ ಎದ್ದುಬಿಡಬಹುದು, ತನ್ನ ಮೇಲೆ ಯಾವ ನೈತಿಕ ಹೊಣೆಯೂ ಉಳಿಯದು ಎಂಬ ಭಯ ಅವನದು. ಆ ಭಯವನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಮನುಷ್ಯ ಮುಂದಿನ ಸುಮಾರು ಹದಿನಾರು ವರ್ಷ ಕೆಂಪು ಚರ್ಮದ ರಟ್ಟಿನ ದೊಡ್ಡ ಪುಸ್ತಕವೊಂದರಲ್ಲಿ ಆ ದೃಶ್ಯಗಳನ್ನು ಮಧ್ಯಯುಗದ ಸನ್ಯಾಸಿಗಳಂತೆ ಅಕ್ಷರ ತಿದ್ದಿ, ಬಣ್ಣ ತುಂಬಿ ಬರೆದ. ‘ಕೆಂಪು ಪುಸ್ತಕ’ ಎಂದು ಹೆಸರಾದ ಅದು ಸೋನು ಶಾಮ್‌ದಾಸಾನಿ ಅವರ ಸಂಪಾದನೆಯಲ್ಲಿ 2009ರಲ್ಲಿ ಅಚ್ಚಾದಾಗ ಜನ ಅದರ ಪುಟಗಳ ಎದುರು ಚಿತ್ರಶಾಲೆಯಲ್ಲಿ ನಿಂತಂತೆ ನಿಂತರು. ಆ ದನಿ ಪೂರ್ತಿ ತಪ್ಪಿರಲಿಲ್ಲ.

ಅದೇ ಪುಸ್ತಕದಲ್ಲಿ ಸಲೋಮಿ ಬರುತ್ತಾಳೆ. ವೃದ್ಧ ಪ್ರವಾದಿ ಎಲಿಜಾನ ಪಕ್ಕದಲ್ಲಿ ನಿಂತಿರುವ ಕುರುಡಿ, ಜೊತೆಗೊಂದು ಕರಿಹಾವು. ಬೈಬಲ್ ಕಥೆಯಲ್ಲಿ ಪ್ರವಾದಿಯೊಬ್ಬನ ತಲೆ ಕೇಳಿದ ಸಲೋಮಿ ಇನ್ನೊಬ್ಬ ಪ್ರವಾದಿಯ ಮಗಳೇ ಎಂದು ಯೂಂಗ್ ನಡುಗುತ್ತಾನೆ. ವರ್ಷಗಳ ಮೇಲೆ ಅರ್ಥ ಹೇಳುವಾಗ ಎಲಿಜಾ ಅರಿವು, ಸಲೋಮಿ ಒಲವು, ಒಲವಿಗೆ ವಸ್ತುಗಳ ಅರ್ಥ ಕಾಣದು, ಅದಕ್ಕೇ ಅವಳು ಕುರುಡಿ ಎಂದ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಕೆಂಪು ಪುಸ್ತಕದ ಪುಟ ಮಗುಚುತ್ತ ಹೋದರೆ ಸಲೋಮಿಗೆ ಕಣ್ಣು ಬರುತ್ತದೆ! ಅವಳು ಬೆಳಕು ಕಾಣುತ್ತಾಳೆ. ಪ್ರತಿಮೆ ಅಷ್ಟು ದೂರ ನಡೆದುಹೋಗಿತ್ತು. ವಿವರಣೆ ಅವಳ ಕುರುಡಿನ ಹತ್ತಿರವೇ ಉಳಿದುಬಿಟ್ಟಿತು.

ಒಳಗಿನ ಈ ಹೆಣ್ಣಿಗೆ ಯೂಂಗ್ ಇಟ್ಟ ಹೆಸರು ಅನಿಮಾ. ಲ್ಯಾಟಿನ್ನಿನಲ್ಲಿ ಪ್ರಾಣ, ಆತ್ಮ ಎಂದರ್ಥ. ಪ್ರತಿ ಗಂಡಸಿನ ಮನಸ್ಸಿನ ತಳದಲ್ಲಿ ಒಂದು ಹೆಣ್ಣುಮೂರ್ತಿ ಇದೆ. ತಾಯಿ, ಅಕ್ಕ, ಪ್ರೇಯಸಿಯರಿಂದ ಅವಳು ಮುಖ ಪಡೆಯುತ್ತಾಳೆ, ಆದರೆ ಅವರ್‍ಯಾರಿಗಿಂತಲೂ ಹಳಬಳು ಎಂಬುದು ತಿರುಳು. ಯೂಂಗ್‌ನ ಅನಿಮಾಗೂ ಹೀಗೊಂದು ಮುಖ ಇತ್ತು. ಅವನು ಚಿಕ್ಕ ಮಗುವಾಗಿದ್ದಾಗ ತಾಯಿ ಕಾಯಿಲೆಯಿಂದ ಕೆಲವು ತಿಂಗಳು ಆಸ್ಪತ್ರೆ ಸೇರಿದಳು. ಆಗ ಅವನನ್ನು ಎತ್ತಿಕೊಂಡು ತಿರುಗಿದವಳು ಕಪ್ಪು ಕೂದಲಿನ ಮನೆಗೆಲಸದ ಹುಡುಗಿ. ಅವಳ ಕೂದಲಿನ ಅಂಚು, ಕತ್ತು, ಕಿವಿ ಎಲ್ಲ ತನಗೆ ಮುಪ್ಪಿನಲ್ಲೂ ನೆನಪಿದೆ, ತನ್ನ ಅನಿಮಾದ ಒಂದು ಭಾಗ ಅವಳೇ ಎಂದು ಅವನು ಹೇಳಿಕೊಂಡಿದ್ದಾನೆ. ದೊಡ್ಡ ಸಿದ್ಧಾಂತದ ಬುಡದಲ್ಲಿ ಒಬ್ಬ ಹುಡುಗಿಯ ಕಿವಿ ಇದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಕನ್ನಡದ ಕಿವಿಗೆ ಇಲ್ಲಿ ಇನ್ನೊಂದು ಕೇಳಿಸಬೇಕು. ಲ್ಯಾಟಿನ್ನಿನ ಅನಿಮಾ ವ್ಯಾಕರಣದಲ್ಲೇ ಸ್ತ್ರೀಲಿಂಗ. ಯೂಂಗ್‌ನ ಮನೆಮಾತಾದ ಜರ್ಮನ್ನಿನಲ್ಲೂ ಆತ್ಮಕ್ಕಿರುವ ಪದ ಸ್ತ್ರೀಲಿಂಗವೇ. ಆತ್ಮವನ್ನು ‘ಅವಳು’ ಎನ್ನಲು ಅವನು ಯಾವ ಕಷ್ಟವನ್ನೂ ಪಡಬೇಕಿರಲಿಲ್ಲ. ನಮ್ಮಲ್ಲಿ ಜೀವ, ಮನಸ್ಸು, ಆತ್ಮ ಎಲ್ಲವೂ ‘ಅದು’. ಕನ್ನಡದಲ್ಲಿ ಒಳಗಿನದನ್ನು ಹೆಣ್ಣಾಗಿಸಬೇಕಾದರೆ ವ್ಯಾಕರಣ ಕೈಹಿಡಿಯುವುದಿಲ್ಲ, ಕವಿಯೇ ಧೈರ್ಯ ಮಾಡಬೇಕು. ಆ ಧೈರ್ಯ ಮಾಡಿದವರ ಮಾತಿಗೆ ಆಮೇಲೆ ಬರುತ್ತೇನೆ.

ಅನಿಮಾಗೆ ಯೂಂಗ್ ನಾಲ್ಕು ಮೆಟ್ಟಿಲು ಹೇಳಿದ್ದಾನೆ: ಈವ್, ಹೆಲೆನ್, ಮೇರಿ, ಸೋಫಿಯಾ. ಮಣ್ಣಿನಿಂದ ಜ್ಞಾನದವರೆಗೆ. ಪರೀಕ್ಷೆಗೆ ಓದುವವರಿಗೆ ಅನುಕೂಲ. ಅದರಿಂದ ಒಂದು ಚಿತ್ರವೂ ನನಗೆ ಹೆಚ್ಚು ತೆರೆದುಕೊಂಡದ್ದಿಲ್ಲ, ಹಾಗಾಗಿ ಅಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ಒಂದು ಹಳೆಯ ಪುಸ್ತಕದ ಮುಂದೆ.

1499ರ ಡಿಸೆಂಬರಿನಲ್ಲಿ ವೆನಿಸ್‌ನ ಆಲ್ಡಸ್ ಮನೂಶಿಯಸ್‌ನ ಮುದ್ರಣಾಲಯದಿಂದ ಹೊರಬಂದ ‘ಹಿಪ್ನೆರೋಟೊಮಾಕಿಯಾ ಪೋಲಿಫಿಲಿ’ ಅದು. ನಿದ್ದೆ, ಪ್ರೇಮ, ಕಾದಾಟ ಎಂಬ ಮೂರು ಗ್ರೀಕ್ ಮಾತುಗಳನ್ನು ಬೆಸೆದು ಮಾಡಿದ ಹೆಸರು. ಅಚ್ಚಿನ ಕಲೆಯ ಚರಿತ್ರೆಯಲ್ಲಿ ಅದರಷ್ಟು ಚೆಲುವಾದ ಪುಸ್ತಕಗಳು ಕೆಲವೇ. 170ರಷ್ಟು ಮರದಚ್ಚಿನ ಚಿತ್ರಗಳಿವೆ. ಕೆತ್ತಿದವನ ಹೆಸರಿಲ್ಲ. ಬರೆದವನ ಹೆಸರೂ ಮುಖಪುಟದಲ್ಲಿಲ್ಲ. 38 ಅಧ್ಯಾಯಗಳ ಮೊದಲಕ್ಷರಗಳನ್ನು ಜೋಡಿಸಿದರೆ ಮಾತ್ರ ಫ್ರಾನ್ಸೆಸ್ಕೊ ಕೊಲೊನ್ನ ಎಂಬ ಸನ್ಯಾಸಿ ಪೋಲಿಯಾಳನ್ನು ಬಹುವಾಗಿ ಪ್ರೀತಿಸಿದನೆಂಬ ಗುಟ್ಟು ಹೊರಬೀಳುತ್ತದೆ.

ಪೋಲಿಫಿಲೊ, ಅಂದರೆ ಪೋಲಿಯಾಳನ್ನು ಪ್ರೀತಿಸುವವನು, ನಿದ್ದೆಹೋಗುತ್ತಾನೆ. ಕನಸಿನಲ್ಲಿ ದಟ್ಟ ಕಾಡು, ತಡೆಯಲಾರದ ಬಾಯಾರಿಕೆ. ಪಾಳುಬಿದ್ದ ಮಹಾಮಂದಿರಗಳನ್ನು ಹಾದು ಹೋಗುತ್ತಾನೆ. ಕಲ್ಲಿನಲ್ಲಿ ಕಡೆದ ಮಲಗಿದ ಅಪ್ಸರೆಯೊಬ್ಬಳ ಮೊಲೆಗಳಿಂದ ನೀರು ಚಿಮ್ಮುತ್ತಿದೆ. ಪಂಚೇಂದ್ರಿಯಗಳೇ ಐವರು ಕನ್ಯೆಯರಾಗಿ ಬಂದು ಕೈಹಿಡಿದು ರಾಣಿಯ ಬಳಿಗೆ ಒಯ್ಯುತ್ತಾರೆ. ಮುಂದೆ ಮೂರು ಬಾಗಿಲು. ಒಂದು ದೈವದ ಕೀರ್ತಿಯದು, ಇನ್ನೊಂದು ಲೋಕದ ಕೀರ್ತಿಯದು, ನಡುವಿನದು ಪ್ರೇಮಮಾತೆಯದು. ಅವನು ನಡುವಿನದನ್ನು ಆರಿಸುತ್ತಾನೆ. ಅಲ್ಲಿ ಕೈಯಲ್ಲಿ ಪಂಜು ಹಿಡಿದ ಹುಡುಗಿ ಸಿಗುತ್ತಾಳೆ. ಅವಳೇ ಪೋಲಿಯಾ ಎಂಬುದು ಅವನಿಗೆ ತಕ್ಷಣ ಗುರುತು ಸಿಗುವುದೂ ಇಲ್ಲ.

ಯೂಂಗ್‌ನ ಬಳಗದ ಲಿಂಡಾ ಫಿಯರ್ಟ್ಸ್-ಡೇವಿಡ್ ಎಂಬ ವಿದುಷಿ 1947ರಲ್ಲಿ ಈ ಕನಸಿನ ಮೇಲೊಂದು ಪುಸ್ತಕ ಬರೆದಳು. ಯೂಂಗ್ ಮುನ್ನುಡಿ ಕೊಟ್ಟ. ಅವರ ಓದಿನಲ್ಲಿ ಪೋಲಿಯಾ ಅನಿಮಾ. ಬಾಯಾರಿದ ಗಂಡಸಿನ ಮನಸ್ಸನ್ನು ಅವಳು ಅಗೋಚರಕ್ಕೆ ದಾಟಿಸುತ್ತಾಳೆ. ಕೊನೆಯಲ್ಲಿ ಪೋಲಿಫಿಲೊ ಅವಳನ್ನು ಅಪ್ಪಿಕೊಳ್ಳುವ ಹೊತ್ತಿಗೆ ಅವಳು ಗಾಳಿಯಲ್ಲಿ ಕರಗುತ್ತಾಳೆ, ಅವನು ಏಳುತ್ತಾನೆ. ಅನಿಮಾ ಎಂದರೆ ಹೀಗೆಯೇ, ಅಪ್ಪಿಕೊಳ್ಳಲು ಸಿಗುವವಳಲ್ಲ.

ಒಪ್ಪಿದೆ. ಆದರೆ ಆ ಪುಸ್ತಕಕ್ಕೆ ಎರಡನೆಯ ಭಾಗವೊಂದಿದೆ. ಅಲ್ಲಿ ಪೋಲಿಯಾ ಮಾತಾಡುತ್ತಾಳೆ. ಟ್ರೆವಿಜೊ ಊರಿನವಳು ನಾನು, ಪ್ಲೇಗು ಬಂದಾಗ ಬದುಕಿದರೆ ನಿನ್ನವಳು ಎಂದು ಡಯಾನಾ ದೇವಿಗೆ ಹರಕೆ ಹೊತ್ತೆ, ಇವನು ನನ್ನ ಕಾಲ ಬಳಿ ಸತ್ತು ಬಿದ್ದಾಗ ಬಿಟ್ಟು ಓಡಿದೆ, ಆಮೇಲೆ ಕಂಡ ಭಯಾನಕ ದೃಶ್ಯಗಳಿಂದ ತತ್ತರಿಸಿ ಹಿಂದಿರುಗಿದೆ, ಇವನನ್ನು ಬದುಕಿಸಿದೆ. ಇದು ಅವಳ ಕಥೆ. ಗಂಡಸು ಕಂಡ ಕನಸಿನೊಳಗೆ ಹೆಣ್ಣು ತನ್ನ ಕನಸನ್ನೂ ಭಯವನ್ನೂ ಹರಕೆಯನ್ನೂ ಹೇಳಿಕೊಳ್ಳುತ್ತಾಳೆ. ಮೊದಲ ಭಾಗದ ಪೋಲಿಯಾ ದಾರಿತೋರುವ ದೀಪ. ಎರಡನೆಯ ಭಾಗದ ಪೋಲಿಯಾ ತಪ್ಪು ಮಾಡಬಲ್ಲ, ಮನಸ್ಸು ಬದಲಿಸಬಲ್ಲ ಹೆಣ್ಣು. ಬರೆದವನು ಸನ್ಯಾಸಿ, ಅವಳ ಬಾಯಲ್ಲಿ ಬರುವ ಮಾತು ಅವನದೇ ಎನ್ನಬಹುದು. ನಿಜ. ಆದರೂ ಅವಳು ಮಾತಾಡಲಿ ಎಂದು ಪುಸ್ತಕದ ಒಂದು ಭಾಗವನ್ನೇ ಬಿಟ್ಟುಕೊಟ್ಟನಲ್ಲ! ಯೂಂಗ್ ನಾಲಿಗೆ ಬಿಟ್ಟುಕೊಟ್ಟದ್ದೂ ಇದೇ ಕೆಲಸ.

ಇದೇ ಲಿಂಡಾ ಮುಂದೆ ಪೊಂಪೆಯ ‘ರಹಸ್ಯಗಳ ಮನೆ’ಯ ಭಿತ್ತಿಚಿತ್ರಗಳನ್ನು ಓದಲು ಕುಳಿತಳು. 1909ರಲ್ಲಿ ಅಗೆತದಲ್ಲಿ ಸಿಕ್ಕ ಮನೆ ಅದು. ಒಂದು ಕೋಣೆಯ ಗೋಡೆಯ ಉದ್ದಕ್ಕೂ ಕಡುಕೆಂಪು ಹಿನ್ನೆಲೆಯಲ್ಲಿ ಆಳೆತ್ತರದ ಹೆಂಗಸರು. ಒಬ್ಬಳು ಬೆದರಿ ಸೆರಗು ಹಾರಿಸಿಕೊಂಡು ಹಿಂದೆ ಸರಿದಿದ್ದಾಳೆ, ಒಬ್ಬಳು ಮತ್ತೊಬ್ಬಳ ಮಡಿಲಲ್ಲಿ ಮುಖ ಹುದುಗಿಸಿದ್ದಾಳೆ, ಒಬ್ಬಳು ಕುಣಿಯುತ್ತಿದ್ದಾಳೆ. ಇನ್ನೊಬ್ಬಳ ತಲೆ ಬಾಚುತ್ತಿದ್ದಾರೆ, ಪುಟ್ಟ ಎರೋಸ್ ಕನ್ನಡಿ ಹಿಡಿದಿದ್ದಾನೆ. ಗ್ರೀಕ್ ದೇವತೆ ಡಯೊನೈಸಸ್‌ನ ದೀಕ್ಷೆ ಎನ್ನುತ್ತಾರೆ ಹಲವರು. ಯಾವ ಗಂಡಸಿನ ಆತ್ಮಕ್ಕೂ ದಾರಿ ತೋರಿಸಲು ಈ ಹೆಂಗಸರು ಅಲ್ಲಿಲ್ಲ. ತಮ್ಮದೇ ದಾರಿಯಲ್ಲಿ ಹೆದರುತ್ತ, ಒಬ್ಬರ ಮಡಿಲಿಗೆ ಒಬ್ಬರು ಬೀಳುತ್ತ ನಡೆದಿದ್ದಾರೆ. ಬೇಲೂರಿನ ದರ್ಪಣಸುಂದರಿಯ ಕೆಳಗೆ ಕತ್ತೆತ್ತಿ ನಿಂತಾಗಲೂ ನನಗೆ ಇದೇ ಅನಿಸಿದ್ದು. ಕೆಳಗೆ ನಿಂತ ನಾವು ಅವಳ ಸೊಬಗನ್ನು ಹೊಗಳುತ್ತಿರುತ್ತೇವೆ. ಅವಳ ಕಣ್ಣು ಕನ್ನಡಿಯಲ್ಲಿದೆ.

ಹಾಗಾದರೆ ಹೆಣ್ಣು ಕಂಡ ಹೆಣ್ಣಿನ ಬಗ್ಗೆ ಯೂಂಗ್ ಏನು ಮಾಡಿದ? ಈ ಭಾಗ ಹೇಳುವುದು ನನಗೆ ಸುಲಭವಲ್ಲ, ಯಾಕೆಂದರೆ ಅವನಿಂದ ಕಲಿತದ್ದು ಬಹಳ ಇದೆ. 1926ರಲ್ಲಿ ಕ್ರಿಸ್ಟಿಯಾನಾ ಮಾರ್ಗನ್ ಎಂಬ ಅಮೆರಿಕದ ತರುಣಿ ಜ್ಯೂರಿಕ್‌ಗೆ ಬಂದಳು. ಯೂಂಗ್ ಕಲಿಸಿದಂತೆ ಕಣ್ಣುಮುಚ್ಚಿ ಒಳಗಿಳಿದು, ಕಂಡದ್ದನ್ನು ಬರೆದಳು, ಚಿತ್ರ ಬಿಡಿಸಿದಳು. ಆ ದರ್ಶನಗಳು ಎಷ್ಟು ತುಂಬಿಕೊಂಡಿದ್ದವೆಂದರೆ 1930ರಿಂದ 1934ರವರೆಗೆ ಯೂಂಗ್ ಅವನ್ನೇ ಆಧರಿಸಿ ಗೋಷ್ಠಿ ನಡೆಸಿದ. ಹೆಸರು ಹೇಳಲಿಲ್ಲ. ಆಕೆ ಯಾರೆಂಬ ಗುಟ್ಟು ಹೊರಬಿದ್ದ ಮೇಲೆ ಗೋಷ್ಠಿ ನಿಂತಿತು. ಆಕೆಯ ಬದುಕಿನ ಬಗ್ಗೆ ಅವನು ಕೊಟ್ಟ ಸಲಹೆ ಏನಾಗಿತ್ತು? ಹೆನ್ರಿ ಮರ್ರೆ ಎಂಬ ಮನೋವಿಜ್ಞಾನಿಗೆ ಸ್ಫೂರ್ತಿಯಾಗು, ಅವನನ್ನು ಬೆಳೆಸು ಎಂಬುದು. ಸ್ವಂತ ಕೈಯಿಂದ ಅಂಥ ಚಿತ್ರಗಳನ್ನು ಬಿಡಿಸಿದವಳಿಗೆ ಇನ್ನೊಬ್ಬನ ಅನಿಮಾ ಆಗು ಎಂದ ಹಾಗಾಯಿತು.

ಮುಂದಿನದನ್ನೂ ಹೇಳಬೇಕು. ನಮ್ಮ ಕಾಲೇಜುಗಳ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಟಿಎಟಿ ಪರೀಕ್ಷೆ ಗೊತ್ತು. ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆ. 1935ರಲ್ಲಿ ಅದರ ಮೊದಲ ಲೇಖನ ಅಚ್ಚಾದಾಗ ಮೊದಲ ಹೆಸರು ಮಾರ್ಗನ್, ಎರಡನೆಯದು ಮರ್ರೆ. 1943ರ ಕೈಪಿಡಿಯ ಹೊತ್ತಿಗೆ ಮರ್ರೆಯ ಹೆಸರು ಉಳಿಯಿತು, ಮಾರ್ಗನ್ ಹೆಸರು ಇಲ್ಲವಾಯಿತು. ಹೆಣ್ಣನ್ನು ಸ್ಫೂರ್ತಿ ಎಂದು ಕರೆಯುವುದಕ್ಕೂ ಅವಳ ಹೆಸರು ಅಳಿಸಿಹೋಗುವುದಕ್ಕೂ ಸಂಬಂಧ ಇದೆಯೆಂದೇ ನಾನು ನಂಬಿದ್ದೇನೆ.

ಯೂಂಗ್‌ನ ಬಳಗದ ಹೆಂಗಸರು ಇದನ್ನು ಗಮನಿಸಿರಲಿಲ್ಲವೆಂದಲ್ಲ. ಹೆಂಡತಿ ಎಮ್ಮಾ ಯೂಂಗ್ ಹೆಣ್ಣಿನೊಳಗಿನ ಗಂಡುಮೂರ್ತಿಯಾದ ಅನಿಮಸ್ ಬಗ್ಗೆ ಗಂಡನಿಗಿಂತ ಹದವಾಗಿ ಬರೆದಳು. ಟೋನಿ ವೋಲ್ಫ್ ಹೆಣ್ಣಿನ ಮನಸ್ಸಿಗೆ ತಾಯಿ, ಗೆಳತಿ, ಸ್ವತಂತ್ರೆ, ದರ್ಶಿನಿ ಎಂಬ ನಾಲ್ಕು ನೆಲೆ ಹೇಳಿದಳು. ಬಹಳ ಕಾಲದ ಮೇಲೆ, 1985ರಲ್ಲಿ, ಅದೇ ಪಂಥದ ಜೇಮ್ಸ್ ಹಿಲ್‌ಮನ್ ಅನಿಮಾ ಗಂಡಸಿನ ಸ್ವತ್ತಲ್ಲ, ಹೆಣ್ಣಿಗೂ ಇದೆ ಎಂದು ಬರೆದ. ನಮಗೆ ಇದು ಸರಳ ಮಾತು ಎನಿಸಬಹುದು. ಅಲ್ಲಿಗೆ ತಲುಪಲು ಆ ಪಂಥಕ್ಕೆ ಅಷ್ಟು ವರ್ಷ ಹಿಡಿಯಿತು.

ಯೂಂಗ್ ನಮ್ಮ ಕಡೆಗೂ ಬಂದಿದ್ದ. 1937ರ ಕೊನೆಗೆ ಭಾರತಕ್ಕೆ ಬಂದವನು ಸ್ವಲ್ಪ ಕಾಲ ಮೈಸೂರಿನಲ್ಲಿ ಮಹಾರಾಜರ ಅತಿಥಿಯಾಗಿದ್ದ. ಅರಮನೆಯ ಗುರುಗಳಾಗಿದ್ದ ವೇದಾಂತಿ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ದೀರ್ಘವಾಗಿ ಮಾತಾಡಿದ. ಕೋನಾರ್ಕ ನೋಡಿದ, ಸಾಂಚಿಯಲ್ಲಿ ಮೈಮರೆತ. ಕಲಕತ್ತೆಯಲ್ಲಿ ಆಮಶಂಕೆಯಿಂದ ಆಸ್ಪತ್ರೆ ಸೇರಿ ಹೊರಬಂದ ಮೇಲೆ ಒಂದು ಕನಸು ಕಂಡ. ಕಾಳಿಯ ಊರಿನಲ್ಲಿ ಅವನಿಗೆ ಕಾಳಿ ಕಾಣಲಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದ ದ್ವೀಪವೊಂದು ಕಂಡಿತು. ಪವಿತ್ರ ಪಾತ್ರೆ ಗ್ರೇಲ್ ಅನ್ನು ತರಲು ಅವನೊಬ್ಬನೇ ತಣ್ಣನೆಯ ನೀರನ್ನು ಈಜಬೇಕು. ಅವನ ಶಿಷ್ಯ ಎರಿಕ್ ನ್ಯೂಮನ್ ಮುಂದೆ ‘ಮಹಾಮಾತೆ’ಯ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಹೆಣ್ಣಿನ ಮೂಲ ಸಂಕೇತ ಯಾವುದೆಂದರೆ ಪಾತ್ರೆ ಎಂದ. ನಮ್ಮ ಕಲಶ, ಕೊಡ, ಗರ್ಭಗುಡಿ ಎಲ್ಲ ಅದರಲ್ಲಿ ಬಂತು. ಎಮ್ಮಾ ಯೂಂಗ್ ತನ್ನ ಬದುಕಿನ ಬಹುಭಾಗ ಅದೇ ಗ್ರೇಲ್ ಕಥೆಯ ಮೇಲೆ ದುಡಿದು, ಮುಗಿಸದೆಯೇ 1955ರಲ್ಲಿ ತೀರಿಕೊಂಡಳು. ಪಾತ್ರೆಯ ಕನಸು ಬಿದ್ದದ್ದು ಗಂಡನಿಗೆ, ವರ್ಷಗಟ್ಟಲೆ ಅದನ್ನು ಎದೆಗವಚಿಕೊಂಡು ಕೂತವಳು ಹೆಂಡತಿ.

ಈಗ ಧೈರ್ಯ ಮಾಡಿದವರ ಮಾತು. ನಮ್ಮ ಶರಣರು ಒಳಗಿನ ಹೆಣ್ಣನ್ನು ಎದುರಿಗೆ ನಿಲ್ಲಿಸಿ ನೋಡಲಿಲ್ಲ, ತಾವೇ ಹೆಣ್ಣಾದರು. ಶರಣಸತಿ, ಲಿಂಗಪತಿ ಎಂಬ ಭಾವದಲ್ಲಿ ಮೀಸೆ ಹೊತ್ತ ಗಂಡಸು ‘ನನ್ನ ಗಂಡ’ ಎಂದು ದೇವರನ್ನು ಕರೆಯುತ್ತಾನೆ. ಬಸವಣ್ಣನವರು ಒಮ್ಮೆ ಗಂಡಾಗಿ ಒಮ್ಮೆ ಹೆಣ್ಣಾಗಿ ಕೂಡಲಸಂಗನ ಮುಂದೆ ನಿಲ್ಲುತ್ತಾರೆ. ಪೋಲಿಫಿಲೊ ಹುಡುಕುತ್ತ ಹೋದವಳ ಜಾಗದಲ್ಲಿ ಇವರೇ ಬಂದು ನಿಂತಿದ್ದಾರೆ. ಇದು ಅನಿಮಾವನ್ನು ಸಂಧಿಸುವುದಕ್ಕಿಂತ ಬೇರೆಯೇ ಆದ ಅನುಭವ. ಯೂಂಗ್‌ನ ಪರಿಭಾಷೆಯಲ್ಲಿ ಅದಕ್ಕೆ ಸರಿಯಾದ ಹೆಸರು ನನಗೆ ಸಿಕ್ಕಿಲ್ಲ, ಸಿಗಲೇಬೇಕೆಂಬ ಹಟವೂ ನನಗಿಲ್ಲ. ಇನ್ನು ಅಕ್ಕಮಹಾದೇವಿ. ತನ್ನ ಕನಸನ್ನು ಆಕೆ ಇನ್ನೊಬ್ಬ ಹೆಣ್ಣಿಗೆ ಹೇಳುತ್ತಾಳೆ, ಅಕ್ಕಾ ಎಂದು ಕರೆದು. ಕನಸಿನಲ್ಲಿ ಭಿಕ್ಷೆಗೆ ಬಂದ ಗೊರವ ಮೀರಿ ಹೋಗುತ್ತಿದ್ದಾನೆ. ಬೆನ್ನಟ್ಟಿ ಕೈಹಿಡಿದವಳು ಅವಳು. ಕನಸಿನ ಹೆಣ್ಣು ಗಾಳಿಯಲ್ಲಿ ಕರಗುವ ಕಥೆ ಇದಲ್ಲ. ಎದ್ದ ಮೇಲೂ ಹಿಡಿದ ಕೈಯನ್ನು ಅವಳು ಬಿಟ್ಟಿಲ್ಲ.

ಕೊನೆಗೆ ಒಂದು ಕಥೆ. ಎ. ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿ, ಇದು ಹೆಂಗಸರ ಕಥೆ ಎಂದು ಗುರುತಿಸಿ ಬರೆದ ‘ಹೂವಿನ ಮರ’. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂದು ಸಿನಿಮಾ ಮಾಡಿದರು, ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ಆಪೆರಾ ಮಾಡಿದ. ಬಡವಿಯ ಕಿರಿಯ ಮಗಳು ಹೂಬಿಡುವ ಮರವಾಗಬಲ್ಲಳು. ಎರಡು ಕೊಡ ನೀರು ಬೇಕು, ಒಂದು ಮರವಾಗಲು, ಒಂದು ಮರಳಿ ಹುಡುಗಿಯಾಗಲು. ನೀರಿಗೆ ಉಗುರು ತಾಕಬಾರದು. ಹೂವನ್ನು ಮೃದುವಾಗಿ ಬಿಡಿಸಬೇಕು, ಚಿಗುರು ಮುರಿಯಬಾರದು. ರಾಜಕುಮಾರ ಮದುವೆಯಾಗುತ್ತಾನೆ, ಹಟಹಿಡಿದು ಮರವಾಗಿಸುತ್ತಾನೆ. ಆಮೇಲೆ ನಾದಿನಿ ಗೆಳತಿಯರ ಮುಂದೆ ಮೆರೆಸಲು ತೋಟಕ್ಕೆ ಕರೆದೊಯ್ಯುತ್ತಾಳೆ. ಅವರು ಕೊಂಬೆ ಮುರಿದು, ನೀರನ್ನು ಬೇಕಾಬಿಟ್ಟಿ ಸುರಿದು ಮನೆಗೆ ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಚರಂಡಿಯಲ್ಲಿ ಬೀಳುತ್ತಾಳೆ.

ಮರ ಎಂದರೆ ಮಾತೃರೂಪ, ಫಲವತ್ತತೆಯ ಸಂಕೇತ ಎಂದು ನ್ಯೂಮನ್‌ನ ಪುಸ್ತಕ ಹೇಳುತ್ತದೆ. ನಾನು ತರಗತಿಯಲ್ಲಿ ಬಹಳ ವರ್ಷ ಹಾಗೆಯೇ ಹೇಳಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಅವಳು ಹೇಗೆ ಮುಟ್ಟಬೇಕು ಅಂತ ಹೇಳಿದ್ಲಲ್ಲ ಮೇಡಂ, ಯಾರೂ ಕೇಳಲಿಲ್ಲ’ ಎಂದಳು. ಆ ದಿನ ನನ್ನ ಟಿಪ್ಪಣಿ ಪುಸ್ತಕ ಮುಚ್ಚಿದ್ದು ನೆನಪಿದೆ. ಕಥೆಯ ತುಂಬ ಅವಳು ಹೇಳುತ್ತಲೇ ಇದ್ದಾಳೆ: ನಿಧಾನ, ಉಗುರು ತಾಕಿಸಬೇಡಿ. ತೀರ ಕೊನೆಯಲ್ಲಿ, ಗಡ್ಡ ಬೆಳೆದು ಬೈರಾಗಿಯಾಗಿ ಅಲೆದು ಬಂದ ಗಂಡ ಮಾತ್ರ ಕೇಳಿಸಿಕೊಳ್ಳುತ್ತಾನೆ. ಮೊದಲ ಕೊಡ ಸುರಿದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ನೇರಮಾಡಿ ಕೂಡಿಸಿ, ಎರಡನೆಯ ಕೊಡ ಸುರಿಯುತ್ತಾನೆ.

ಅಜ್ಜಿಗೂ ಈ ಕಥೆ ಬರುತ್ತಿತ್ತು. ಇಲ್ಲಿಗೆ ಬಂದಾಗ ಮಾತು ನಿಲ್ಲಿಸಿ, ಇಲ್ಲದ ಕೊಡವೊಂದನ್ನು ಎರಡೂ ಅಂಗೈಯಲ್ಲಿ ಎತ್ತಿ, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ನೀರು ಹೇಗೆ ಹೊಯ್ಯಬೇಕೆಂದು ತೋರಿಸುತ್ತಿದ್ದಳು. ನಾವು ಮೊಮ್ಮಕ್ಕಳು, ಹುಡುಗರೂ ಹುಡುಗಿಯರೂ, ಅವಳ ಹಾಗೆಯೇ ಬೆರಳು ಬಾಗಿಸಿ ಕಲಿಯುತ್ತಿದ್ದೆವು.